ಕಲ್ಲಿನ ಮೊಟ್ಟೆಗೆ ಬಿದ್ದ ಗೀರು

ನನ್ನದು ಅನುಮಾನದ ಸ್ವಭಾವ. ಹಾಲಿನವನ ಕ್ಯಾನು, ಆಟೋದವನು ಹಿಡಿದ ದಾರಿ, ಪರೀಕ್ಷೆಯ ದಿನವೇ ವಿದ್ಯಾರ್ಥಿಗಳಿಗೆ ಬರುವ ಜ್ವರ, ಯಾವುದನ್ನೂ ಮೊದಲ ಮಾತಿಗೇ ನಂಬಿದವಳಲ್ಲ. ನನ್ನ ಸಾರು ಚೆನ್ನಾಗಿದೆ ಎಂದು ಗಂಡ ಹೊಗಳಿದರೆ, ಇವತ್ತು ಏನು ಮುಚ್ಚಿಡುತ್ತಿದ್ದಾರೆ ಎಂದು ಯೋಚಿಸುತ್ತೇನೆ. ಭೂವಿಜ್ಞಾನದ ಮೇಷ್ಟರಾದ ಮೇಲೆ ಈ ಗುಣಕ್ಕೆ ಸಂಬಳವೂ ಬರತೊಡಗಿತು. ನಮ್ಮ ಕಸುಬಿನಲ್ಲಿ ಕಲ್ಲನ್ನು ಕಣ್ಣಿನಿಂದ ನೋಡಿದರೆ ಸಾಲದು. ಉಗುರಿನಿಂದ ಗೀರಬೇಕು, ಆಗದಿದ್ದರೆ ಚಾಕುವಿನಿಂದ, ಅದಕ್ಕೂ ಬಗ್ಗದಿದ್ದರೆ ಸುತ್ತಿಗೆ ಎತ್ತಬೇಕು. ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ, ಕಲ್ಲು ತನ್ನ ಬಗ್ಗೆ ತಾನು ಹೇಳುವುದನ್ನು ನಂಬಬೇಡಿ ಎಂದು.

ಕಾಶಿಗೆ ಬಂದು ಹದಿನೇಳು ವರ್ಷವಾಯಿತು. ದಾವಣಗೆರೆಯಿಂದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದಾಗ, ಅನುಮಾನಪಡಲು ಇಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ ಅನ್ನಿಸಿತ್ತು. ವಿಶ್ವನಾಥ ಗಲ್ಲಿಯಲ್ಲಿ ಬಾಣಲಿಂಗಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಬಾಣಲಿಂಗವೆಂದರೆ ನರ್ಮದೆಯ ಹರಿವಿನಲ್ಲಿ ಉರುಳಿ ಉರುಳಿ ಮೊಟ್ಟೆಯಂತಾದ ಗಟ್ಟಿ ಕಲ್ಲು. ಅದಕ್ಕೆ ಮನುಷ್ಯನ ಉಳಿ ತಾಗಿರಬಾರದು, ಅದೇ ಅದರ ಹೆಚ್ಚುಗಾರಿಕೆ. ಆ ಬುಟ್ಟಿಯಲ್ಲಿ ನದಿ ಮಾಡಿದ್ದೆಷ್ಟು, ಯಂತ್ರ ಮಾಡಿದ್ದೆಷ್ಟು ಎಂದು ನಾನು ನಿಂತಲ್ಲೇ ಹೇಳಬಲ್ಲೆ. ಒಮ್ಮೆ ಗಿರಾಕಿಗಳ ಎದುರಿಗೇ ಹೇಳಿ, ಅಂಗಡಿಯವನಿಂದ ಅಪ್ಪಟ ಭೋಜಪುರಿಯಲ್ಲಿ ಬೈಸಿಕೊಂಡಿದ್ದೂ ಇದೆ.

ಇಷ್ಟು ಅನುಮಾನದ ನಾನು ಕಣ್ಣು ಮುಚ್ಚಿ ಹೋಗಿ ಕೂರುತ್ತಿದ್ದ ಒಂದೇ ಮನೆ ಬಂಗಾಲಿ ಟೋಲಾ ಎಂಬ ಕೇರಿಯಲ್ಲಿತ್ತು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವ ಭಟ್ಟರ ಮನೆ ಅದು. ಕೆಳಗಿನ ನಾಲ್ಕು ಕೋಣೆ ಯಾತ್ರಿಕರಿಗೆ, ಮೇಲಿನದು ಮನೆಯವರಿಗೆ. ನಾಲ್ಕು ತಲೆಮಾರು ಇಲ್ಲೇ ಕಳೆದರೂ ಮನೆಯೊಳಗೆ ಕನ್ನಡವೇ ಓಡಾಡುತ್ತದೆ. ಮಕ್ಕಳು ಮಾತ್ರ ಕನ್ನಡದಲ್ಲಿ ಬೈಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತವೆ. ಭಟ್ಟರ ತಾಯಿಗೆ ಎಂಬತ್ತರ ಹತ್ತಿರ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತೇನೆ. ಭಾನುವಾರ ಬೆಳಿಗ್ಗೆ ಅವರ ಕೈಯ ಕಾಫಿ ಕುಡಿಯದಿದ್ದರೆ ನನಗೆ ವಾರ ಮುಗಿದಂತೆ ಆಗುವುದಿಲ್ಲ.

ಆ ಮನೆಯಲ್ಲಿ ದೇವರ ಕೋಣೆ ಗಂಡಸರದು. ಅಲ್ಲಿರುವ ಲಿಂಗಗಳನ್ನು ಹೆಂಗಸರು ಮುಟ್ಟುವಂತಿಲ್ಲ. ಹೂ ಕಟ್ಟಬಹುದು, ಬತ್ತಿ ಹೊಸೆಯಬಹುದು, ಗಂಧ ತೇಯಬಹುದು, ನೈವೇದ್ಯಕ್ಕೆ ಮಾಡಿ ಹೊಸ್ತಿಲವರೆಗೆ ತಂದಿಡಬಹುದು. ಮದುವೆಯಾಗಿ ಬಂದ ದಿನದಿಂದ ದೊಡ್ಡಮ್ಮ ಆ ಹೊಸ್ತಿಲಿನವರೆಗೇ ಬಂದವರು. ಆದರೆ ಅಡುಗೆಮನೆಯ ಪಕ್ಕ, ಮೆಟ್ಟಿಲು ತಿರುಗುವ ಕಡೆ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಹಿತ್ತಾಳೆಯ ಪುಟ್ಟ ಪೀಠ, ಅದರ ಮೇಲೆ ನಸುಗೆಂಪು ಬಣ್ಣದ ಒಂದು ಲಿಂಗ. ಅದು ದೊಡ್ಡಮ್ಮನದು. ದಿನಾ ಸ್ನಾನ ಮಾಡಿ ಬಂದು ಚೊಂಬಿನಿಂದ ಅದಕ್ಕೆ ಗಂಗೆ ಎರೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಂದು ಬಿಲ್ವದ ಎಲೆ ಇಡುತ್ತಿದ್ದರು. "ಅಮ್ಮನ ಕೈಗೆ ಬಂದದ್ದು, ಅಮ್ಮನ ಕೈಯಲ್ಲೇ ಇರಲಿ ಅಂತ ಬಿಟ್ಟಿದೀನಿ," ಎಂದು ಭಟ್ಟರು ಒಮ್ಮೆ ಹೇಳಿದ್ದರು. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟವರ ಧಾಟಿ ಅವರದು. ಯಾರಿಂದ ಬಂತು, ಯಾವಾಗ ಬಂತು ಎಂದು ನಾನು ಕೇಳಲಿಲ್ಲ.

ವರ್ಷಗಟ್ಟಲೆ ನಾನು ಆ ಗೂಡನ್ನು ದಾಟಿ ಕಾಫಿಗೆ ಹೋಗಿದ್ದೇನೆ. ನೋಡಿದ್ದು ಮಾತ್ರ ಹೋದ ವರ್ಷ. ಚಳಿ ಹೋಗಿ ಬಿಸಿಲು ಏರತೊಡಗಿದ ಮಾರ್ಚಿನ ಒಂದು ಭಾನುವಾರ, ನದಿಯ ಕಡೆಯ ಕಿಟಕಿಯಿಂದ ಬಂದ ಬೆಳಕು ಗೂಡಿನೊಳಕ್ಕೆ ಬಿದ್ದಿತ್ತು. ಲಿಂಗ ಒಳಗಿನಿಂದ ಬೆಳಗುತ್ತಿತ್ತು. ತುಮಕೂರಿನ ಕಡೆಯ ಏಳೆಂಟು ಯಾತ್ರಿಕರು ಮೆಟ್ಟಿಲ ಮೇಲೆಯೇ ನಿಂತು ಕೈ ಮುಗಿಯುತ್ತಿದ್ದರು. ಒಬ್ಬಾಕೆ ವಿಡಿಯೊ ಮಾಡಿಕೊಳ್ಳುತ್ತಿದ್ದಳು. ಭಟ್ಟರು ಪಕ್ಕದಲ್ಲಿ ನಿಂತು, "ಅಪರೂಪದ್ದಮ್ಮ. ನರ್ಮದೆಯದು. ಇಂಥದ್ದು ಎಲ್ಲರಿಗೂ ಸಿಗಲ್ಲ," ಎನ್ನುತ್ತಿದ್ದರು.

ನನ್ನ ಕಿವಿ ನೆಟ್ಟಗಾಯಿತು. ನರ್ಮದೆಯ ಕಲ್ಲು ಹಾಗೆ ಬೆಳಗುವುದಿಲ್ಲ.

ಅದನ್ನು ಎಲ್ಲಿ ನೋಡಿದ್ದೇನೆಂದು ನೆನಪಾಗಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬೇಕಾಯಿತು. ಕೆಲವು ವರ್ಷಗಳ ಹಿಂದೆ ಒಂದು ವಿಚಾರಸಂಕಿರಣಕ್ಕೆಂದು ಇಟಲಿಗೆ ಹೋಗಿದ್ದೆ. ಬೆಟ್ಟದ ಮೇಲಿನ ಒಂದು ಸಣ್ಣ ಊರಿನ ಅಂಗಡಿಯಲ್ಲಿ, ಈಸ್ಟರ್ ಹಬ್ಬಕ್ಕೆಂದು, ಬುಟ್ಟಿ ತುಂಬ ಕಲ್ಲಿನ ಮೊಟ್ಟೆ ಇಟ್ಟಿದ್ದರು. ಅಲಬಾಸ್ಟರ್ ಎಂಬ ಮೆದು ಕಲ್ಲು, ಜಿಪ್ಸಂ ಜಾತಿಯದು. ಬಣ್ಣವನ್ನು ಚೆನ್ನಾಗಿ ಹೀರುತ್ತದೆ, ಹಿಂದೆ ದೀಪ ಇಟ್ಟರೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನೀಲಿ, ಹಸಿರು, ನಸುಗೆಂಪು. ನಾನು ಮಾಡಿದ ಮೊದಲ ಕೆಲಸ, ಒಂದನ್ನು ಎತ್ತಿಕೊಂಡು ತಳಕ್ಕೆ ಉಗುರು ಹಾಕಿದ್ದು. ಗೆರೆ ಬಿತ್ತು. ಅಂಗಡಿಯ ಮುದುಕಿ ನನ್ನನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದಳು.

ಆ ಮೊಟ್ಟೆಗಳ ಮೇಲೆ ನನಗೆ ಆಗಲೂ ನಂಬಿಕೆ ಹುಟ್ಟಿರಲಿಲ್ಲ. ಈಸ್ಟರಿನ ಮೊಟ್ಟೆಗೆ ಅರ್ಥ ಬರುವುದು ಅದರ ಚಿಪ್ಪಿನಿಂದ. ಮುಚ್ಚಿದ ಚಿಪ್ಪೆಂದರೆ ಸಮಾಧಿ, ಅದು ಒಡೆದರೆ ಒಳಗಿನ ಜೀವ ಎದ್ದು ಬರುತ್ತದೆ. ಅದಕ್ಕೇ ಜನ ತೆಳ್ಳನೆಯ ನಿಜವಾದ ಚಿಪ್ಪಿನ ಮೇಲೆ ಉಸಿರು ಬಿಗಿಹಿಡಿದು ಬಣ್ಣ ಬಳಿಯುತ್ತಾರೆ. ಒಂದು ಗಳಿಗೆ ಕೈ ತಪ್ಪಿದರೆ ಮುಗಿಯಿತು, ಆ ಭಯವೇ ಅದರ ಬೆಲೆ. ಆಮೇಲೆ ಶ್ರೀಮಂತರು ಚಿನ್ನದಲ್ಲಿ ಮಾಡಿಸಿಕೊಂಡರು, ಕಲ್ಲು ಕೆತ್ತುವವರು ಉಳಿದ ತುಂಡುಗಳಲ್ಲಿ ಮಾಡಿದರು, ನಮ್ಮ ಕಾಶಿಯಲ್ಲೂ ಮರದ ಆಟಿಕೆ ಕಡೆಯುವವರು ಅರಗಿನ ಬಣ್ಣ ಹಚ್ಚಿ ಮೊಟ್ಟೆ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಆಕಾರ ಎಲ್ಲದಕ್ಕೂ ಒಂದೇ. ಆದರೆ ಒಡೆಯಲಾಗದ ಮೊಟ್ಟೆಯಿಂದ ಏನು ತಾನೇ ಹೊರಗೆ ಬರುತ್ತದೆ? ಲಿಂಗದ ಲೆಕ್ಕ ಇದಕ್ಕೆ ತಿರುವುಮುರುವು. ಅದು ಗಟ್ಟಿಯಾಗಿರಬೇಕು, ನದಿಗೂ ಜಗ್ಗದೆ ಉಳಿದಿರಬೇಕು. ಅಲಬಾಸ್ಟರ್ ಈ ಎರಡೂ ಕಡೆ ಸಲ್ಲದ ಕಲ್ಲು. ಮೊಟ್ಟೆಯ ಹಾಗೆ ಒಡೆಯುವುದಿಲ್ಲ, ಲಿಂಗದ ಹಾಗೆ ಬಾಳುವುದೂ ಇಲ್ಲ. ನೀರು ಬಿದ್ದರೆ ಮೆಲ್ಲಗೆ ಕರಗುತ್ತದೆ.

ಆಮೇಲಿನ ಭಾನುವಾರಗಳಲ್ಲಿ ನಾನು ಕಾಫಿಗೆ ಹೋದದ್ದು ನೆಪಕ್ಕೆ. ಗೂಡಿನ ಹತ್ತಿರ ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ನೆಪ ಮಾಡಿ ಬಗ್ಗಿ ನೋಡುತ್ತಿದ್ದೆ. ಲಿಂಗದ ಮೈ ಚೀಪಿದ ಕಲ್ಲುಸಕ್ಕರೆಯ ಹಾಗಾಗಿತ್ತು, ನೀರು ಇಳಿಯುವ ಕಡೆ ಬಣ್ಣ ತೆಳುವಾಗಿತ್ತು. ಇವೆಲ್ಲ ನನಗೆ ಸಾಕ್ಷಿಗಳು. ಅಪರಾಧಿ ಯಾರು ಎಂಬುದನ್ನೂ ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಭಟ್ಟರು ಎಲ್ಲಿಂದಲೋ ಈ ಅಲಂಕಾರದ ಮೊಟ್ಟೆ ತಂದು, ಮುಗ್ಧೆ ತಾಯಿಯ ಕೈಗಿತ್ತು, ಅಪರೂಪದ ಬಾಣಲಿಂಗ ಎಂದು ಯಾತ್ರಿಕರನ್ನು ಸೆಳೆಯುತ್ತಿದ್ದಾರೆ. ಇವತ್ತು ಗೂಡು, ನಾಳೆ ಅದರ ಮುಂದೊಂದು ತಟ್ಟೆ, ನಾಡಿದ್ದು ಹೊರಗೊಂದು ಬೋರ್ಡು. ಮನೆಗೆ ಬಂದು ಗಂಡನಿಗೆ ಇದನ್ನು ಹೇಳಿದರೆ, "ಅವರು ಆ ತರದ ಮನುಷ್ಯ ಅಲ್ಲ ಕಣೇ," ಎಂದರು. ಅವರು ಡಾಕ್ಟರು, ಎಲ್ಲರ ಮಾತನ್ನೂ ನಂಬಿ ಔಷಧಿ ಬರೆಯುವವರು. ಅವರ ಮಾತು ನನಗೆ ಲೆಕ್ಕಕ್ಕಿಲ್ಲ.

ಯುಗಾದಿ ಮುಗಿದ ಮೇಲಿನ ಭಾನುವಾರ ಅವಕಾಶ ಸಿಕ್ಕಿತು. ಭಟ್ಟರು ಹರಿಶ್ಚಂದ್ರ ಘಾಟಿನ ಕಡೆ ಯಾರದೋ ಅಸ್ಥಿ ವಿಸರ್ಜನೆಗೆ ಹೋಗಿದ್ದರು. ಸೊಸೆ ಮಕ್ಕಳೊಂದಿಗೆ ತವರಿಗೆ ಹೋಗಿದ್ದಳು. ದೊಡ್ಡಮ್ಮ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಸುತ್ತ, "ಒಂದೈದು ನಿಮಿಷ ಕೂತ್ಕೋ ಮಗಳೇ, ದೂಧ್‌ವಾಲಾ ಇವತ್ತು ತಡ ಮಾಡ್ದ," ಎಂದು ಕೂಗಿ ಹೇಳಿದರು. ನಾನು ಗೂಡಿಗೆ ಕೈ ಹಾಕಿ ಲಿಂಗವನ್ನು ಎತ್ತಿಕೊಂಡೆ. ಆ ಮನೆಯಲ್ಲಿ ದೊಡ್ಡಮ್ಮನನ್ನು ಬಿಟ್ಟು ಬೇರೆ ಯಾರೂ ಮುಟ್ಟದಿದ್ದ ವಸ್ತು ಅದು. ಎದೆ ಹೊಡೆದುಕೊಳ್ಳಲಿಲ್ಲ, ನಾಚಿಕೆಯೂ ಆಗಲಿಲ್ಲ. ಪ್ರಯೋಗಾಲಯದಲ್ಲಿ ಮಾದರಿ ಎತ್ತಿಕೊಂಡ ಹಾಗೆ ಎತ್ತಿಕೊಂಡೆ.

ಉಗುರು ಹಾಕಿದೆ. ಸಣ್ಣ ಬಿಳಿ ಗೆರೆ ಕಂಡಿತು. ಗಂಧದ ಪದರವಿದ್ದರೂ ಹೀಗೇ ಆಗುತ್ತದಲ್ಲ ಎಂಬ ಅನುಮಾನ ಬಂತು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಸ್ಕೂಟರಿನ ಕೀ ತೆಗೆದು, ಪೀಠದೊಳಗೆ ಕೂರುವ ಭಾಗದಲ್ಲಿ ಒಂದು ಸಲ ಎಳೆದೆ. ಮೆದು ಕಲ್ಲು, ಕೀ ಜಾರಿ ಪಕ್ಕಕ್ಕೆ ಓಡಿತು. ಬೆರಳುದ್ದದ ಗೀರು, ಅದರ ತುದಿಯಲ್ಲಿ ಒಂದು ಚಕ್ಕೆಯೂ ಎದ್ದು ಬಂತು. ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದೆ. ಜಿಪ್ಸಂ, ಸಂಶಯವಿಲ್ಲ. ನಾನು ಗೆದ್ದಿದ್ದೆ. ಲಿಂಗವನ್ನು ಮೊದಲಿದ್ದ ಹಾಗೇ ಇಟ್ಟು, ಗೀರು ಗೋಡೆಯ ಕಡೆ ಬರುವಂತೆ ತಿರುಗಿಸಿ, ಹೋಗಿ ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು ಎಂದೂ ಹೇಳಿದೆ.

ದಿನಾ ಒರೆಸುವ ಕೈಗೆ ಗೀರು ಸಿಗದೆ ಇರುತ್ತದೆಯೇ? ಇದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಒಂದು ಗೀರಿನಿಂದ ಏನಾದೀತು ಎಂದುಕೊಳ್ಳುತ್ತಿದ್ದೆ. ನಮ್ಮಲ್ಲಿ ಗೀರು ಬಿದ್ದ ಕಲ್ಲಿಗೆ ಬೆಲೆ ಹೆಚ್ಚು, ಯಾಕೆಂದರೆ ಅದು ಏನೆಂದು ಗೊತ್ತಾಗಿರುತ್ತದೆ.

ಮಂಗಳವಾರ ಭಟ್ಟರ ಫೋನು. "ಮೇಡಂ, ನೀವು ಕಲ್ಲಿನ ವಿದ್ವಾಂಸರು. ಒಂದು ಸಲ ಬಂದು ನೋಡ್ತೀರಾ? ಅಮ್ಮನ ಲಿಂಗ ಭಿನ್ನ ಆಗಿದೆ."

ಹೋದೆ. ಗೂಡು ಖಾಲಿಯಾಗಿತ್ತು. ಲಿಂಗ ಒಂದು ಬಾಳೆಲೆಯ ಮೇಲೆ ಮಲಗಿತ್ತು, ಗೀರು ಮೇಲೆ. ಅದರ ಮುಂದೆ ಭಟ್ಟರು ನಿಂತಿದ್ದರು. ದೊಡ್ಡಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ, ಗಂಗೆಗೆ ಬಿಡಬೇಕು. ಇದು ನನಗೆ ಗೊತ್ತಿದ್ದ ವಿಷಯ. ಕಾಶಿಯಲ್ಲಿ ಹದಿನೇಳು ವರ್ಷ ಇದ್ದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೀ ಎಳೆಯುವಾಗ ಮಾತ್ರ ಗೊತ್ತಿರಲಿಲ್ಲ.

"ತಾನಾಗೇ ಹೀಗೆ ಆಗುತ್ತಾ ಮೇಡಂ?" ಭಟ್ಟರು ಕೇಳಿದರು. "ಅಮ್ಮನ ಕೈ ಈಚೆಗೆ ನಡುಗುತ್ತೆ. ಚೊಂಬು ತಾಗಿರಬೇಕು ಅಂತ ನನಗೆ. ಅಮ್ಮ ಇಲ್ಲ ಅಂತಾಳೆ."

"ತಾಗಿಸಿಲ್ಲ ಕಣೋ," ದೊಡ್ಡಮ್ಮ ನೆಲ ನೋಡುತ್ತಲೇ ಹೇಳಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡು, "ತಾಗಿಸಿದ್ರೆ ನನಗೆ ಗೊತ್ತಾಗ್ತಿರಲಿಲ್ವೇ?" ಎಂದರು. ಎರಡನೆಯ ಮಾತಿನಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಬಾಯಿ ಬಿಡಬೇಕಿದ್ದ ಗಳಿಗೆ ಅದು. ನಾನು ಬಾಯಿ ಬಿಟ್ಟೆ. "ಇದು ಮೆದು ಕಲ್ಲು ಭಟ್ಟರೇ. ದಿನಾ ನೀರು ಬಿದ್ದು ಸವೆದಿದೆ. ಯಾರದೂ ತಪ್ಪಲ್ಲ," ಎಂದೆ. ಅರ್ಧ ನಿಜ ಹೇಳಿ ಪೂರ್ತಿ ಸುಳ್ಳನ್ನು ಹೇಗೆ ಸಾಗಿಸಬಹುದೆಂದು ಬೇರೆಯವರಲ್ಲಿ ಕಂಡುಹಿಡಿಯುತ್ತಿದ್ದವಳು ನಾನೇ. ಭಟ್ಟರು, "ಹಾಗಾದ್ರೆ ಇದು ಬಾಣ ಅಲ್ವಾ?" ಎಂದರು. ಅವರ ಮುಖ ನೋಡಿದೆ. ಅದರಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಅದು ನರ್ಮದೆಯದೆಂದೇ ಪಾಪ ಅವರು ನಂಬಿದ್ದರು. ನನ್ನ ತೀರ್ಮಾನವೆಲ್ಲ ಅಲ್ಲಿಗೇ ಬಿದ್ದುಹೋಯಿತು. "ನದಿಯಲ್ಲಿ ಎಲ್ಲ ತರದ ಕಲ್ಲೂ ಇರುತ್ತೆ," ಎಂದು ತೊದಲಿದೆ. ನನ್ನ ಯಾವ ವಿದ್ಯಾರ್ಥಿ ಹೀಗೆ ಬರೆದರೂ ಸೊನ್ನೆ ಹಾಕುತ್ತಿದ್ದೆ.

ಅಂದೇ ಭಟ್ಟರು ದೋಣಿ ಮಾಡಿಕೊಂಡು ಹೋಗಿ ನಡುನೀರಿನಲ್ಲಿ ಅದನ್ನು ಬಿಟ್ಟು ಬಂದರು. ದೊಡ್ಡಮ್ಮ ಜೊತೆಗೆ ಬರುತ್ತೇನೆಂದರು, ಮೆಟ್ಟಿಲು ಜಾಸ್ತಿ ಬೇಡ ಎಂದು ಮಗ ಬಿಟ್ಟು ಹೋದರು. "ಇನ್ನು ದೇವರ ಕೆಲಸ ಸಾಕಮ್ಮ. ಇಷ್ಟು ವರ್ಷ ಮಾಡಿದೀಯ, ಆರಾಮಾಗಿರು," ಎಂದು ಅವರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಒಳ್ಳೆಯ ದನಿಯಲ್ಲೇ ಹೇಳಿದರು.

ಎರಡು ಭಾನುವಾರ ನಾನು ಆ ಕಡೆ ಹೋಗಲಿಲ್ಲ. ಮೂರನೆಯದಕ್ಕೆ ಹೋದಾಗ ದೊಡ್ಡಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಸುಮ್ಮನೆ ಕೂತಿದ್ದರು. ಸದಾ ಹತ್ತಿ ಬಿಡಿಸುತ್ತಲೋ ಹೂ ಕಟ್ಟುತ್ತಲೋ ಇರುತ್ತಿದ್ದ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಉಗುರುಗಳನ್ನು ಎಷ್ಟು ಒಳಕ್ಕೆ ಕತ್ತರಿಸಿಕೊಂಡಿದ್ದರೆಂದರೆ ಬೆರಳ ತುದಿಗಳು ಕೆಂಪಾಗಿದ್ದವು.

"ಇದ್ಯಾಕೆ ದೊಡ್ಡಮ್ಮ?"

"ಉಗುರೇ ತಾಗಿತೇನೋ," ಎಂದರು. "ಚೊಂಬಂತೂ ಅಲ್ಲ. ರಾತ್ರಿಹಗಲು ಯೋಚನೆ ಮಾಡಿ ನೋಡಿದೆ. ಉಗುರೇ ಇರಬೇಕು."

ನನ್ನ ಜನ್ಮದಲ್ಲಿ ಅಷ್ಟು ಹೀನವಾಗಿ ನನಗೆ ಎಂದೂ ಅನ್ನಿಸಿರಲಿಲ್ಲ. ತನ್ನನ್ನು ತಾನು ಅನುಮಾನಿಸುವುದನ್ನು ನಾನು ಆ ಮುದುಕಿಗೆ ಕಲಿಸಿಬಿಟ್ಟಿದ್ದೆ. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಕೀ, ಗೀರು, ಚಕ್ಕೆ, ಗೋಡೆಯ ಕಡೆ ತಿರುಗಿಸಿದ್ದು, ಆಮೇಲೆ ಕಾಫಿ ಕುಡಿದದ್ದು. ತಡೆಯಲಾರದೆ ನನ್ನ ತಪ್ಪಿಗೆ ಒಂದಿಷ್ಟು ನೆರಳು ಹುಡುಕಿಕೊಂಡು, "ಅದು ಲಿಂಗ ಅಲ್ಲ ದೊಡ್ಡಮ್ಮ. ಕಿರಿಸ್ತಾನರ ಹಬ್ಬದ್ದು, ಕಲ್ಲಿನ ಮೊಟ್ಟೆ," ಎಂದುಬಿಟ್ಟೆ. ಆ ಮನೆಯೊಳಗೆ ಮೊಟ್ಟೆ ಎಂಬ ಮಾತನ್ನು ಆಡಿದವಳು ನಾನೇ ಮೊದಲಿರಬೇಕು.

"ಇರಬಹುದು," ಎಂದರು ದೊಡ್ಡಮ್ಮ. "ಅದು ಏನು ಅಂತ ನಾನು ಕೇಳಿದೆನಾ ನಿನ್ನ?"

ಆಮೇಲೆ, ಕೇಳಿದ್ದರೆ ಯಾವತ್ತೋ ಹೇಳಬಹುದಾಗಿದ್ದನ್ನು, ಹೇಳಿದರು. ಎಷ್ಟೋ ವರ್ಷದ ಹಿಂದೆ ಕೆಳಗಿನ ಕೋಣೆಯಲ್ಲಿ ಒಬ್ಬ ವಿದೇಶಿ ಹೆಂಗಸು ತಿಂಗಳು ಕಾಲ ಇದ್ದಳಂತೆ. ಜ್ವರ ಬಂದು ಮಲಗಿದಾಗ ಇವರು ಗಂಜಿ ಕುಡಿಸಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಹೊರಡುವ ದಿನ ಆಕೆ ಈ ಕಲ್ಲನ್ನು ಇವರ ಅಂಗೈಯಲ್ಲಿಟ್ಟು, ತನ್ನ ಎರಡು ಕೈಗಳನ್ನು ಮುಚ್ಚಿ, ನಿಧಾನವಾಗಿ ಬಿಚ್ಚಿ ತೋರಿಸಿದಳು. "ಮುಚ್ಚಿದ್ದು ಬಿಚ್ಚಿಕೊಳ್ಳುತ್ತೆ ಅಂತ ಹೇಳಿದಳು ಅನ್ಕೊಂಡೆ. ನನಗೆ ಅಷ್ಟು ಸಾಕಾಯ್ತು. ಮಗ ನೋಡಿ ಬಾಣ ಅಂದ. ಅಲ್ಲ ಅಂತ ನಾನು ಯಾಕೆ ಹೇಳಲಿ? ಬಾಣ ಅಂದಿದ್ದಕ್ಕೆ ತಾನೇ ಮುಟ್ಟೋಕೆ ಒಂದು ದೇವರು ಸಿಕ್ತು." ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೇ ಮಗಳೇ. ಕೇಳಿದ್ರೆ ನಾನೇ ಕೈಗೆ ಕೊಡ್ತಿದ್ದೆ."

ಅಷ್ಟರಲ್ಲಿ ಭಟ್ಟರು ಪೂಜೆ ಮುಗಿಸಿ ಮೇಲೆ ಬಂದರು. "ಇವಳ ಮಾತು ಕೇಳೋ," ಎಂದು ದೊಡ್ಡಮ್ಮ ಎದ್ದು ನಿಂತರು. ಅವರ ಮುಖ ನೋಡಿ ನನಗೆ ಅರ್ಥವಾಯಿತು, ಅವರಿಗೆ ಈಗ ಬೇಕಾಗಿದ್ದುದು ಮಗ ಇದನ್ನು ಕೇಳುವುದೊಂದೇ. ನಾನು ಮತ್ತೆ ಹೇಳಿದೆ. ಗೀರಿದವಳು ನಾನು, ಅಮ್ಮನ ಕೈಯದು ಏನೂ ತಪ್ಪಿಲ್ಲ, ಸ್ಕೂಟರಿನ ಕೀಯಲ್ಲಿ ಗೀರಿದೆ ಎಂದು ಕೀಯನ್ನೇ ತೆಗೆದು ತೋರಿಸಿದೆ.

ಭಟ್ಟರು ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು. "ನಿಮ್ಮದು ದೊಡ್ಡ ಮನಸ್ಸು ಮೇಡಂ. ಅಮ್ಮನಿಗೆ ಸಮಾಧಾನ ಆಗಲಿ ಅಂತ ನಿಮ್ಮ ಮೇಲೆ ಹಾಕ್ಕೊಳ್ತಾ ಇದೀರಿ. ನೀವು ಅಂಥ ಕೆಲಸ ಮಾಡ್ತೀರಾ?"

"ಮಾಡಿದೀನಿ ಭಟ್ಟರೇ. ನಿಮ್ಮ ಮೇಲೆ ಅನುಮಾನ ಪಟ್ಟು ಮಾಡಿದೆ."

"ಬಿಡಿ ಮೇಡಂ," ಎಂದು ನಕ್ಕರು. ಒಳ್ಳೆಯ ಮನುಷ್ಯನ ನಗು. ಎಷ್ಟು ಒತ್ತಿ ಹೇಳಿದರೂ ಅವರು ನಂಬಲಿಲ್ಲ. ತೋರಿಸೋಣವೆಂದರೆ ಕಲ್ಲು ಗಂಗೆಯ ತಳದಲ್ಲಿತ್ತು.

"ಹಾಗಾದ್ರೆ ನಾಳೆಯಿಂದ ದೇವರ ಕೋಣೆಗೆ ಬತ್ತಿನಾದ್ರೂ ಹೊಸೆದು ಕೊಡ್ಲೇನೋ?" ದೊಡ್ಡಮ್ಮ ಕೇಳಿದರು.

"ಬೇಡಮ್ಮ. ನಿನ್ನ ಕೈ ನಡುಗುತ್ತೆ."

ದೊಡ್ಡಮ್ಮ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳು ಬಿಡಿಸಿ, ಮಗನ ಎದುರು ಹಿಡಿದರು. ಕೆಳಗಿನಿಂದ ಯಾತ್ರಿಕರು ಯಾರೋ ಕೂಗಿದರು, ಭಟ್ಟರು ಬಂದೆ ಬಂದೆ ಎನ್ನುತ್ತ ಮೆಟ್ಟಿಲಿಳಿದು ಹೋದರು. ಅವರು ಹೋದ ಮೇಲೂ ದೊಡ್ಡಮ್ಮ ಕೈಗಳನ್ನು ಹಾಗೇ ಹಿಡಿದಿದ್ದರು. ಅವು ನಡುಗುತ್ತಿರಲಿಲ್ಲ. ನೋಡಿದವಳು ನಾನೊಬ್ಬಳೇ, ನಾನು ನೋಡಿ ಅವರಿಗೆ ಏನೂ ಪ್ರಯೋಜನವಿರಲಿಲ್ಲ.